ಪಟ್ಟ ಯಾರದು? – ವಿಶ್ವ ಚದುರಂಗದ ಸಿಂಹಾಸನಕ್ಕಾಗಿ ನಡೆದ ಜಗಳಗಳು



ಚದುರಂಗದ ಚರಿತ್ರೆಯನ್ನು ಕುರಿತ ಮಾತುಕತೆಯನ್ನು ನೀವು ನಮ್ಮ ಕಾರ್ಯಕ್ರಮದಲ್ಲಿ ನೋಡಿರಬಹುದು. ಅರ್ಧ ಗಂಟೆಯಲ್ಲಿ ಹೇಳಲಾಗದೆ ಉಳಿದ ಮಾತುಗಳನ್ನು ಈ ಪುಟಗಳಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಜಗತ್ತಿನ ದೊಡ್ಡ ದೊಡ್ಡ ಆಟಗಾರರ ಜಗಳಕ್ಕೆ ಬರುವ ಮೊದಲು ಒಂದು ಚಿಕ್ಕ ಜಗಳದ ಕಥೆ ಹೇಳಬೇಕು. ಅದು ನಡೆದದ್ದು ನಮ್ಮೂರಿನಲ್ಲಿ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ.

1994ನೇ ಇಸವಿ. ನಾನಾಗ ಹೈಸ್ಕೂಲು ಹುಡುಗ. ಗಣೇಶನ ಹಬ್ಬಕ್ಕೆ ಊರಿನ ಯುವಕರು ಚದುರಂಗದ ಸ್ಪರ್ಧೆ ಇಟ್ಟಿದ್ದರು. ಗೆದ್ದವರಿಗೆ ಒಂದು ಸ್ಟೀಲು ತಟ್ಟೆ. ಕೊನೆಯ ಆಟಕ್ಕೆ ಉಳಿದವರು ಇಬ್ಬರು: ಅರಳಿಕಟ್ಟೆಯ ಮೇಲೆ ವರ್ಷಾನುಗಟ್ಟಲೆ ಆಡಿ ಪಳಗಿದ್ದ ಒಬ್ಬ ತಾತ, ಮತ್ತು ಪುಸ್ತಕ ನೋಡಿ ಆಟ ಕಲಿತಿದ್ದ ನಾನು. ಮೊದಲ ನಡೆಯಲ್ಲೇ ನಾನು ಕಾಲಾಳನ್ನು ಎರಡು ಮನೆ ಮುಂದಕ್ಕೆ ಇಟ್ಟೆ. ತಾತ ನನ್ನ ಕೈ ಹಿಡಿದುಕೊಂಡರು. "ಏನಪ್ಪಾ ಮರಿ, ಕಾಲಾಳು ಎರಡು ಮನೆ ಹಾರ್ತಾನಾ? ಅವನೇನು ಕುದುರೇನಾ?" ಎಂದರು. ಸ್ವಲ್ಪ ಹೊತ್ತಿಗೆ ಅವರು ತಮ್ಮ ರಾಜನನ್ನೇ ಕುದುರೆಯ ಹಾಗೆ ಹಾರಿಸಿದರು. ಕೈ ಹಿಡಿಯುವ ಸರದಿ ಈಗ ನನ್ನದಾಯಿತು.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹಳೆಯ ಭಾರತೀಯ ಪದ್ಧತಿಯಲ್ಲಿ ಕಾಲಾಳು ಮೊದಲ ಬಾರಿಗೂ ಒಂದೇ ಮನೆ ನಡೆಯುತ್ತಾನೆ. ರಾಜನಿಗೆ ಒಂದು ಸಲ ಮಾತ್ರ ಕುದುರೆಯಂತೆ ನೆಗೆಯುವ ಹಕ್ಕುಂಟು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು. ರಾಜನ ರಕ್ಷಣೆಗೆ ಕ್ಯಾಸಲಿಂಗ್ ಎಂಬ ಬೇರೊಂದು ಏರ್ಪಾಡಿದೆ. ಯಾವ ಕಾನೂನಿನಂತೆ ಆಡಬೇಕೆಂದು ಸ್ಪರ್ಧೆ ನಡೆಸಿದವರು ಮೊದಲೇ ಹೇಳಿರಲಿಲ್ಲ. ಕನ್ನಡದಲ್ಲೂ ತೆಲುಗಿನಲ್ಲೂ ವಾದ ನಡೆಯಿತು. ಕತ್ತಲಾಯಿತು. ತಟ್ಟೆ ಮೇಜಿನ ಮೇಲೇ ಉಳಿಯಿತು.

ಈ ಕಥೆಯ ಕೊನೆಯನ್ನು ಆಮೇಲೆ ಹೇಳುತ್ತೇನೆ. ಈಗ ಒಂದು ಪ್ರಶ್ನೆ: ಪಟ್ಟ ಎಂದರೇನು? ಅದನ್ನು ಕೊಡುವವರು ಯಾರು, ಕಿತ್ತುಕೊಳ್ಳುವವರು ಯಾರು? ವಿಶ್ವ ಚದುರಂಗದ ಸುಮಾರು 140 ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ.

ಅಧಿಕಾರವಿಲ್ಲದ ಅರಸನ ಆಟ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರನ್ನು ನೀವು ಚರಿತ್ರೆಯ ಪಾಠದಲ್ಲಿ ಓದಿದ್ದೀರಿ. ಅವರು ಮಣೆಯಾಟಗಳಲ್ಲಿ ಬಹಳ ಆಸಕ್ತಿಯಿದ್ದ ದೊರೆ. ಕುದುರೆಯು ಒಮ್ಮೆ ಹೋದ ಮನೆಗೆ ಮತ್ತೆ ಹೋಗದೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರುವ ಒಗಟಿನ ಮೇಲೆ ಅವರು ತುಂಬ ಕೆಲಸ ಮಾಡಿದರು. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ' ಎಂಬ ಬೃಹತ್ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳ ವಿಚಾರವೇ ಇದೆ.

ಈ ದೊರೆಯ ಬದುಕನ್ನೇ ನೋಡಿ. 1799ರಲ್ಲಿ ಇನ್ನೂ ಬಾಲಕನಾಗಿದ್ದಾಗ ಬ್ರಿಟಿಷರು ಅವರನ್ನು ಸಿಂಹಾಸನದಲ್ಲಿ ಕೂರಿಸಿದರು. ನಗರದ ರೈತರ ದಂಗೆಯ ನಂತರ 1831ರಲ್ಲಿ ಅದೇ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಮುಂದೆ 37 ವರ್ಷ, 1868ರಲ್ಲಿ ತೀರಿಕೊಳ್ಳುವವರೆಗೆ, ಅವರು ಮಹಾರಾಜರೆಂದೇ ಕರೆಸಿಕೊಂಡರು. ಅಧಿಕಾರ ಮಾತ್ರ ಕಮಿಷನರ ಕೈಯಲ್ಲಿತ್ತು. ರಾಜ್ಯವನ್ನು ಹಿಂದಕ್ಕೆ ಕೊಡಿರೆಂದು ಅವರು ಬರೆದ ಮನವಿಗಳು ಫಲಿಸಲಿಲ್ಲ. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂದದ್ದು 1881ರಲ್ಲಿ.

ಪಟ್ಟ ಒಬ್ಬರದು, ಬಲ ಇನ್ನೊಬ್ಬರದು. ಚದುರಂಗದ ಜಗತ್ತಿನಲ್ಲೂ ಹೀಗೆ ಆದದ್ದುಂಟು. ಆದ್ದರಿಂದಲೇ ನಮ್ಮ ಅರಸರನ್ನು ಇಲ್ಲಿ ನೆನೆದೆ. ಮುಂದಿನ ಕಥೆ ಓದುವಾಗ ಅವರು ನಿಮ್ಮ ನೆನಪಿನಲ್ಲಿರಲಿ.

ಪಟ್ಟವು ಸ್ವಂತ ಆಸ್ತಿಯಾಗಿದ್ದ ಕಾಲ

ಎಲ್ಲರೂ ಒಪ್ಪುವ ಮೊದಲ ವಿಶ್ವ ಚಾಂಪಿಯನ್ ಪಂದ್ಯ ನಡೆದದ್ದು 1886ರಲ್ಲಿ, ಅಮೆರಿಕದ ನ್ಯೂಯಾರ್ಕ್, ಸೇಂಟ್ ಲೂಯಿಸ್ ಮತ್ತು ನ್ಯೂ ಆರ್ಲಿಯನ್ಸ್ ನಗರಗಳಲ್ಲಿ. ವಿಲ್ಹೆಲ್ಮ್ ಸ್ಟೈನಿಟ್ಸ್ ಮೊದಲ ಐದು ಆಟಗಳಲ್ಲಿ ನಾಲ್ಕನ್ನು ಸೋತರೂ ಧೃತಿಗೆಡದೆ, ಕೊನೆಗೆ ಯೊಹಾನೆಸ್ ಝುಕರ್‌ಟೋರ್ಟ್ ಅವರನ್ನು 10–5ರಿಂದ ಸೋಲಿಸಿದರು. ಐದು ಆಟ ಡ್ರಾ ಆದವು. ಆಗ ಪಟ್ಟ ಕೊಡಲು ಯಾವ ಸಂಸ್ಥೆಯೂ ಇರಲಿಲ್ಲ. ಇಬ್ಬರು ಒಪ್ಪಂದ ಮಾಡಿಕೊಳ್ಳುತ್ತಿದ್ದರು, ಬೆಂಬಲಿಗರು ಪಣದ ಹಣ ಕೂಡಿಸುತ್ತಿದ್ದರು, ಗೆದ್ದವನು ಚಾಂಪಿಯನ್.

ಇದರಲ್ಲಿ ಒಂದು ತೊಡಕಿತ್ತು. ಯಾರೊಡನೆ ಆಡಬೇಕು, ಯಾವಾಗ, ಎಷ್ಟು ಹಣಕ್ಕೆ ಎಂಬುದೆಲ್ಲ ಚಾಂಪಿಯನ್ನನ ಇಚ್ಛೆ. 1894ರಲ್ಲಿ ಸ್ಟೈನಿಟ್ಸರನ್ನು ಸೋಲಿಸಿದ ಇಮ್ಯಾನುಯೆಲ್ ಲಾಸ್ಕರ್ 27 ವರ್ಷ ಪಟ್ಟ ಉಳಿಸಿಕೊಂಡರು. ಅವರು ದೊಡ್ಡ ಆಟಗಾರರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಅವಧಿಯಲ್ಲಿ ಅನೇಕ ವರ್ಷಗಳು ಪಟ್ಟಕ್ಕೆ ಪಂದ್ಯವೇ ಇಲ್ಲದೆ ಕಳೆದವು.

1910ರಲ್ಲಿ ಲಾಸ್ಕರ್ ಮತ್ತು ಕಾರ್ಲ್ ಶ್ಲೆಕ್ಟರ್ ನಡುವೆ ಹತ್ತೇ ಆಟಗಳ ಒಂದು ಪಂದ್ಯ ನಡೆಯಿತು. ಒಂಬತ್ತು ಆಟ ಮುಗಿದಾಗ ಶ್ಲೆಕ್ಟರ್ ಒಂದು ಅಂಕದಿಂದ ಮುಂದಿದ್ದರು. ಹತ್ತನೆಯದು ಡ್ರಾ ಆದರೆ ಸಾಕಿತ್ತು. ಅವರು ಗೆಲ್ಲಲು ಹೊರಟು ಸೋತರು. 5–5 ಸಮವಾಗಿ ಪಟ್ಟ ಲಾಸ್ಕರರಲ್ಲೇ ಉಳಿಯಿತು. ಡ್ರಾ ಸಾಕಾಗಿದ್ದವನು ಗೆಲ್ಲಲು ಹೊರಟಿದ್ದೇಕೆ? ಎರಡು ಅಂಕದ ಅಂತರದಿಂದ ಗೆದ್ದರೆ ಮಾತ್ರ ಪಟ್ಟ ಎಂಬ ಷರತ್ತು ಒಪ್ಪಂದದಲ್ಲಿ ಗುಟ್ಟಾಗಿ ಇತ್ತೇ? ಚರಿತ್ರೆಕಾರರು ಇದನ್ನು ಇಂದಿಗೂ ಚರ್ಚಿಸುತ್ತಾರೆ. ನಾನು ವಿಜ್ಞಾನ ಓದಿದವನು. ಪ್ರಯೋಗದ ಷರತ್ತುಗಳನ್ನು ಮೊದಲೇ ಬರೆದಿಡದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ ಎಂದು ನಮ್ಮ ಮೇಷ್ಟ್ರು ಪ್ರಯೋಗಶಾಲೆಯಲ್ಲಿ ಹೇಳುತ್ತಿದ್ದರು. ಈ ಪಂದ್ಯದ ಬಗ್ಗೆ ಓದಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

1921ರಲ್ಲಿ ಹವಾನಾದಲ್ಲಿ ಕ್ಯೂಬಾದ ಕಾಪಬ್ಲಾಂಕ ಒಂದೂ ಆಟ ಸೋಲದೆ ಲಾಸ್ಕರರಿಂದ ಪಟ್ಟ ಗೆದ್ದರು. ಮರುವರ್ಷ ಅವರು ಲಂಡನ್ನಿನಲ್ಲಿ ಪ್ರಮುಖ ಆಟಗಾರರೊಡನೆ ಕೂತು ನಿಯಮಗಳನ್ನು ಬರೆದರು. ಸವಾಲು ಹಾಕುವವನು ಹತ್ತು ಸಾವಿರ ಡಾಲರ್ ಪಣ ಹೊಂದಿಸಬೇಕು ಎಂಬುದು ಅದರಲ್ಲೊಂದು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. 1927ರಲ್ಲಿ ಅಲೆಕ್ಸಾಂಡರ್ ಅಲೆಖೈನ್ ಬ್ಯೂನಸ್ ಐರಿಸ್ಸಿನಲ್ಲಿ 34 ಆಟಗಳ ದೀರ್ಘ ಪಂದ್ಯದಲ್ಲಿ ಕಾಪಬ್ಲಾಂಕರನ್ನು ಸೋಲಿಸಿದರು. ಸೋತವರು ಮರುಪಂದ್ಯ ಕೇಳಿದರು. ಅಲೆಖೈನ್ ಅದೇ ಹತ್ತು ಸಾವಿರ ಡಾಲರಿನ ನಿಯಮವನ್ನು ಅವರ ಮುಂದೆ ಹಿಡಿದರು. ತಾನೇ ಹಾಕಿದ ಬೇಲಿ ತನಗೇ ಅಡ್ಡವಾದಂತಾಯಿತು. ಆ ಮರುಪಂದ್ಯ ಎಂದೂ ನಡೆಯಲಿಲ್ಲ.

ಹಣವಿಲ್ಲದವರ ಪಾಡೇನು? ಪಂಜಾಬಿನ ಮೀರ್ ಸುಲ್ತಾನ್ ಖಾನ್ ನಮ್ಮೂರ ತಾತನಂತೆಯೇ ಭಾರತೀಯ ಪದ್ಧತಿಯಲ್ಲಿ ಆಟ ಕಲಿತವರು. ತಮ್ಮ ಯಜಮಾನ ಸರ್ ಉಮರ್ ಹಯಾತ್ ಖಾನರ ಜೊತೆ ಇಂಗ್ಲೆಂಡಿಗೆ ಹೋಗಿ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಕಾಪಬ್ಲಾಂಕರನ್ನೂ ಒಮ್ಮೆ ಸೋಲಿಸಿದರು. ಆಮೇಲೆ ಯಜಮಾನರೊಡನೆ ಊರಿಗೆ ಮರಳಿ ಹಳ್ಳಿಯಲ್ಲೇ ಉಳಿದರು. ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಸಂದದ್ದು 2024ರಲ್ಲಿ. ಅವರು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ.

ಈ ಕಾಲದ ಒಬ್ಬರನ್ನು ಮಾತ್ರ ಗೌರವದಿಂದ ನೆನೆಯಬೇಕು. ಹಾಲೆಂಡಿನ ಗಣಿತದ ಮೇಷ್ಟ್ರು ಮ್ಯಾಕ್ಸ್ ಯೂವೆ 1935ರಲ್ಲಿ ಅಲೆಖೈನರನ್ನು ಸೋಲಿಸಿದರು. ಮರುಪಂದ್ಯ ಕೊಡುವುದಾಗಿ ಮಾತು ಕೊಟ್ಟಿದ್ದರು. 1937ರಲ್ಲಿ ಕೊಟ್ಟರು, ಸೋತರು, ಪಟ್ಟ ಒಪ್ಪಿಸಿದರು. ಈ ಹೆಸರನ್ನು ನೆನಪಿಡಿ. ಕಥೆಯಲ್ಲಿ ಅವರು ಮತ್ತೆ ಬರುತ್ತಾರೆ.

ಸಂಸ್ಥೆ ಬಂತು, ಜಗಳ ಹೋಗಲಿಲ್ಲ

1946ರಲ್ಲಿ ಅಲೆಖೈನ್ ಚಾಂಪಿಯನ್ ಆಗಿರುವಾಗಲೇ ತೀರಿಕೊಂಡರು. ಸಿಂಹಾಸನ ಖಾಲಿಯಾಯಿತು. 1924ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ, ಅಂದರೆ ಫಿಡೆ, ಆಗ ಮುಂದೆ ಬಂದಿತು. 1948ರಲ್ಲಿ ಹೇಗ್ ಮತ್ತು ಮಾಸ್ಕೋ ನಗರಗಳಲ್ಲಿ ಐವರನ್ನು ಆಡಿಸಿತು. ಸೋವಿಯತ್ ಒಕ್ಕೂಟದ ಮಿಖಾಯಿಲ್ ಬೋಟ್ವಿನ್ನಿಕ್ ಗೆದ್ದರು. ಅಂದಿನಿಂದ ಸವಾಲುಗಾರನನ್ನು ಆಯ್ದು ಕೊಡುವವರು ಫಿಡೆಯವರೇ ಆದರು. ಚಾಂಪಿಯನ್ ನಿಯತಕಾಲಕ್ಕೆ ಆಡಲೇಬೇಕು. ಇದು ದೊಡ್ಡ ಸುಧಾರಣೆ.

ಆದರೆ ದೂರುಗಳು ರೂಪ ಬದಲಿಸಿಕೊಂಡು ಬಂದವು. ಸೋತ ಚಾಂಪಿಯನ್ನನಿಗೆ ಮರುಪಂದ್ಯದ ಹಕ್ಕಿತ್ತು. ಬೋಟ್ವಿನ್ನಿಕ್ 1957ರಲ್ಲಿ ಸ್ಮಿಸ್ಲೋವ್‌ಗೆ ಸೋತು 1958ರಲ್ಲಿ ಗೆದ್ದರು. 1960ರಲ್ಲಿ ತಾಲ್‌ಗೆ ಸೋತು 1961ರಲ್ಲಿ ಗೆದ್ದರು. ಒಬ್ಬನಿಗೆ ಎರಡೆರಡು ಅವಕಾಶವೇ ಎಂಬ ಕೂಗೆದ್ದು ಆ ನಿಯಮ ಹೋಯಿತು. 1962ರಲ್ಲಿ ಕುರಸಾವ್ ದ್ವೀಪದ ಅರ್ಹತಾ ಪಂದ್ಯಾವಳಿಯಲ್ಲಿ ಮೂವರು ಸೋವಿಯತ್ ಆಟಗಾರರು ತಮ್ಮತಮ್ಮೊಳಗಿನ ಹನ್ನೆರಡು ಆಟಗಳನ್ನೂ ಡ್ರಾ ಮಾಡಿಕೊಂಡರು. ಇದು ಒಳಒಪ್ಪಂದ ಎಂದು ಅಮೆರಿಕದ ಹತ್ತೊಂಬತ್ತರ ತರುಣ ಬಾಬಿ ಫಿಷರ್ ಬಹಿರಂಗವಾಗಿ ಆಪಾದಿಸಿದ. ಫಿಡೆ ಪದ್ಧತಿಯನ್ನೇ ಬದಲಿಸಿ, ಇಬ್ಬಿಬ್ಬರ ನಡುವಿನ ಪಂದ್ಯಗಳನ್ನು ತಂದಿತು.

ಹತ್ತು ವರ್ಷದ ಮೇಲೆ, 1972ರಲ್ಲಿ, ಅದೇ ಫಿಷರ್ ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ ಬೋರಿಸ್ ಸ್ಪಾಸ್ಕಿಯವರ ಎದುರು ಕೂತರು. ಕೂತರು ಎನ್ನುವುದೂ ಕಷ್ಟವೇ. ಹಣ ಸಾಲದೆಂದು ಮೊದಲು ಬರಲಿಲ್ಲ. ಇಂಗ್ಲೆಂಡಿನ ಧನಿಕರೊಬ್ಬರು ಬಹುಮಾನದ ಮೊತ್ತವನ್ನು ಇಮ್ಮಡಿಗೊಳಿಸಿದ ಮೇಲೆ ಬಂದರು. ಮೊದಲ ಆಟ ಸೋತರು. ಸಭಾಂಗಣದ ಕ್ಯಾಮೆರಾಗಳಿಂದ ತೊಂದರೆಯೆಂದು ಎರಡನೆಯ ಆಟಕ್ಕೆ ಬರಲೇ ಇಲ್ಲ, ಅದೂ ಹೋಯಿತು. ಮೂರನೆಯ ಆಟವನ್ನು ಪ್ರೇಕ್ಷಕರಿಂದ ದೂರವಾಗಿ ಹಿಂಬದಿಯ ಕೋಣೆಯಲ್ಲಿ ಆಡಲು ಸ್ಪಾಸ್ಕಿ ಒಪ್ಪಿದರು. ಒಪ್ಪದೆ ಮನೆಗೆ ಹೋಗಿದ್ದರೆ ಪಟ್ಟ ಅವರದೇ ಆಗಿ ಉಳಿಯುತ್ತಿತ್ತು. ಕೊನೆಗೆ ಫಿಷರ್ 12½–8½ ರಿಂದ ಗೆದ್ದರು. ಕ್ಯಾಮೆರಾ ಇಟ್ಟುಕೊಂಡು ಬದುಕುವ ನನಗೆ ಈ ಪ್ರಸಂಗ ಮುಜುಗರ ತರುತ್ತದೆ. ಚದುರಂಗದವರನ್ನು ಚಿತ್ರೀಕರಿಸುವಾಗ ಕ್ಯಾಮೆರಾವನ್ನು ಮೂರು ಹೆಜ್ಜೆ ಹಿಂದಕ್ಕೆ ಇಡಿ ಎಂದು ಇಂದಿಗೂ ನನ್ನ ಸಹೋದ್ಯೋಗಿಗಳಿಗೆ ಹೇಳುತ್ತೇನೆ.

1975ರಲ್ಲಿ ಫಿಷರ್ ಅನತೊಲಿ ಕಾರ್ಪೋವ್‌ರೊಡನೆ ಆಡಬೇಕಿತ್ತು. ಅವರ ಷರತ್ತುಗಳು ಹೀಗಿದ್ದವು: ಮೊದಲು ಹತ್ತು ಆಟ ಗೆದ್ದವನು ಚಾಂಪಿಯನ್, ಡ್ರಾ ಲೆಕ್ಕಕ್ಕಿಲ್ಲ, ಆಟಗಳಿಗೆ ಮಿತಿಯಿಲ್ಲ, ಮತ್ತು 9–9 ಆದರೆ ಪಟ್ಟ ಚಾಂಪಿಯನ್ನನಲ್ಲೇ ಉಳಿಯಬೇಕು. ಕೊನೆಯ ಷರತ್ತಿನ ಲೆಕ್ಕವನ್ನು ನೀವೇ ಮಾಡಿ ನೋಡಿ. 9–9ಕ್ಕೆ ಪಂದ್ಯ ನಿಂತುಹೋಗುವುದಾದರೆ ಸವಾಲುಗಾರ 10–9ರಿಂದ ಗೆಲ್ಲುವಂತೆಯೇ ಇಲ್ಲ. ಕನಿಷ್ಠ 10–8 ಬೇಕು. ಚಾಂಪಿಯನ್ನನಿಗೆ ಒಂಬತ್ತು ಗೆಲುವೇ ಸಾಕು. ಫಿಡೆ ಮೊದಲ ಷರತ್ತುಗಳನ್ನು ಒಪ್ಪಿ ಕೊನೆಯದನ್ನು ನಿರಾಕರಿಸಿತು. ಫಿಷರ್ ಆಡಲಿಲ್ಲ. 1975ರ ಏಪ್ರಿಲ್ 3ರಂದು ಒಂದು ಕಾಯಿಯನ್ನೂ ಸರಿಸದೆ ಕಾರ್ಪೋವ್ ವಿಶ್ವ ಚಾಂಪಿಯನ್ ಆದರು. ಆಗ ಫಿಡೆಯ ಅಧ್ಯಕ್ಷರಾಗಿದ್ದವರು ಯಾರು ಗೊತ್ತೆ? ಮರುಪಂದ್ಯದ ಮಾತು ಉಳಿಸಿಕೊಂಡು ಪಟ್ಟ ಕಳೆದುಕೊಂಡಿದ್ದ ಅದೇ ಮ್ಯಾಕ್ಸ್ ಯೂವೆ.

ಮೊಸರಿನ ಬಟ್ಟಲು ಮತ್ತು 48 ಆಟಗಳು

1978ರಲ್ಲಿ ಫಿಲಿಪ್ಪೀನ್ಸಿನ ಬಾಗಿಯೊ ನಗರದಲ್ಲಿ ಕಾರ್ಪೋವ್ ಎದುರು ಕೂತವರು ವಿಕ್ಟರ್ ಕೋರ್ಚ್ನಾಯ್. ಅವರು ಎರಡು ವರ್ಷ ಹಿಂದೆ ಸೋವಿಯತ್ ದೇಶ ಬಿಟ್ಟು ಹೊರಟವರು. ಹೆಂಡತಿ, ಮಗ ಇನ್ನೂ ಅಲ್ಲೇ ಇದ್ದರು. ಆಟದ ನಡುವೆ ಕಾರ್ಪೋವ್‌ಗೆ ಒಂದು ಬಟ್ಟಲು ಮೊಸರು ಬಂದರೆ ಅದು ಗುಪ್ತ ಸಂಕೇತವಿರಬಹುದೆಂದು ಕೋರ್ಚ್ನಾಯ್ ಕಡೆಯವರು ಆಕ್ಷೇಪಿಸಿದರು. ಕೋರ್ಚ್ನಾಯ್ ಕೂರುವ ಕುರ್ಚಿಯನ್ನು ಎಕ್ಸ್‌ರೇ ತೆಗೆಸಿ ಪರೀಕ್ಷಿಸಲಾಯಿತು. ಓದುವಾಗ ನಗು ಬರುತ್ತದೆ. ಆದರೆ ಕೋರ್ಚ್ನಾಯ್ ಅವರ ಮಗ ಮುಂದೆ ಜೈಲು ಸೇರಬೇಕಾಯಿತು ಎಂಬುದು ನೆನಪಾದರೆ ನಗು ನಿಲ್ಲುತ್ತದೆ. ಆ ಪಂದ್ಯದಲ್ಲಿ 5–2ರ ಹಿನ್ನಡೆಯಿಂದ 5–5ಕ್ಕೆ ಏರಿದ ಕೋರ್ಚ್ನಾಯ್ 32ನೆಯ ಆಟದಲ್ಲಿ ಸೋತರು.

1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಆರಂಭವಾದ ಕಾರ್ಪೋವ್–ಕ್ಯಾಸ್ಪರೋವ್ ಪಂದ್ಯವಂತೂ ಮುಗಿಯುವ ಲಕ್ಷಣವೇ ಕಾಣಲಿಲ್ಲ. ನಿಯಮ ಸರಳ: ಮೊದಲು ಆರು ಆಟ ಗೆದ್ದವನಿಗೆ ಪಟ್ಟ. 27 ಆಟ ಮುಗಿಯುವ ಹೊತ್ತಿಗೆ ಕಾರ್ಪೋವ್ 5–0 ಮುಂದಿದ್ದರು. ಇನ್ನೊಂದು ಗೆಲುವು ಸಾಕು. ಆ ಒಂದು ಗೆಲುವು ಬರಲೇ ಇಲ್ಲ. 21 ವರ್ಷದ ಕ್ಯಾಸ್ಪರೋವ್ ಡ್ರಾ ಮೇಲೆ ಡ್ರಾ ಮಾಡುತ್ತಾ, ಮಧ್ಯೆ ಒಂದು ಆಟ ಗೆದ್ದು, ಆಮೇಲೆ 47 ಮತ್ತು 48ನೆಯ ಆಟಗಳನ್ನು ಸಾಲಾಗಿ ಗೆದ್ದರು. ಐದು ತಿಂಗಳು ಕಳೆದಿದ್ದವು, 40 ಆಟ ಡ್ರಾ ಆಗಿದ್ದವು. ಕಾರ್ಪೋವ್ ಸೊರಗಿ ಹೋಗಿದ್ದರು. 1985ರ ಫೆಬ್ರವರಿ 15ರಂದು ಫಿಡೆ ಅಧ್ಯಕ್ಷ ಕ್ಯಾಂಪೊಮೆನೆಸ್ ಪತ್ರಿಕಾಗೋಷ್ಠಿ ಕರೆದು, ಫಲಿತಾಂಶವಿಲ್ಲದೆ ಪಂದ್ಯವನ್ನು ನಿಲ್ಲಿಸಿದರು. ಆಟಗಾರರು ದಣಿದಿದ್ದಾರೆ ಎಂಬುದು ಕಾರಣ. ಕ್ಯಾಸ್ಪರೋವ್ ಕೇಳಿದ್ದು ಇಷ್ಟೇ: ನಾನು ಗೆಲ್ಲತೊಡಗಿದ ಮೇಲೆಯೇ ಏಕೆ ನಿಲ್ಲಿಸಿದಿರಿ?

ಅದೇ ವರ್ಷ 24 ಆಟಗಳ ಮಿತಿಯಲ್ಲಿ ಹೊಸ ಪಂದ್ಯ ನಡೆಯಿತು. ಕ್ಯಾಸ್ಪರೋವ್ 13–11ರಿಂದ ಗೆದ್ದು 22ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಅವರಿಬ್ಬರು 1986, 1987 ಮತ್ತು 1990ರಲ್ಲಿ ಮತ್ತೆ ಸೆಣಸಿದರು. ಆದರೆ ಸಂಸ್ಥೆಯ ಮೇಲೆ ಕ್ಯಾಸ್ಪರೋವ್‌ಗೆ ಹುಟ್ಟಿದ ಅಪನಂಬಿಕೆ ಹಾಗೆಯೇ ಉಳಿಯಿತು. ಮುಂದಿನ ಒಡಕಿನ ಬೀಜ ಅದೇ.

ಒಂದು ರಾಜ್ಯ, ಇಬ್ಬರು ರಾಜರು

1993ರಲ್ಲಿ ಸವಾಲುಗಾರರಾಗಿ ಬಂದವರು ಇಂಗ್ಲೆಂಡಿನ ನೈಜೆಲ್ ಶಾರ್ಟ್. ತಮ್ಮನ್ನು ಕೇಳದೆ ಪಂದ್ಯದ ಸ್ಥಳ ಗೊತ್ತುಮಾಡಲಾಗಿದೆ ಎಂಬ ಅಸಮಾಧಾನದಿಂದ ಅವರೂ ಕ್ಯಾಸ್ಪರೋವರೂ ಫಿಡೆಯನ್ನು ಬಿಟ್ಟು, ವೃತ್ತಿಪರ ಆಟಗಾರರ ಬೇರೆ ಸಂಘ ಕಟ್ಟಿ, ಲಂಡನ್ನಿನಲ್ಲಿ ಆಡಿದರು. ಕ್ಯಾಸ್ಪರೋವ್ 12½–7½ ರಿಂದ ಗೆದ್ದರು. ಫಿಡೆ ಇಬ್ಬರನ್ನೂ ಹೊರಗಿಟ್ಟು, ಶಾರ್ಟ್ ಅವರಿಗೆ ಆಯ್ಕೆ ಹಂತದಲ್ಲಿ ಸೋತಿದ್ದ ಕಾರ್ಪೋವ್ ಮತ್ತು ಟಿಮ್ಮನ್ ಅವರನ್ನು ಆಡಿಸಿತು. ಕಾರ್ಪೋವ್ ಗೆದ್ದರು. ಜಗತ್ತಿಗೆ ಇಬ್ಬರು ಚಾಂಪಿಯನ್ನರಾದರು. ಒಬ್ಬರ ಕೈಯಲ್ಲಿ ಸಂಸ್ಥೆಯ ಮುದ್ರೆಯಿತ್ತು. ಇನ್ನೊಬ್ಬರನ್ನು ಯಾರೂ ಸೋಲಿಸಿರಲಿಲ್ಲ.

ಈ ಒಡಕಿನ ಬಿಸಿ ತಟ್ಟಿದವರಲ್ಲಿ ನಮ್ಮ ವಿಶ್ವನಾಥನ್ ಆನಂದ್ ಮುಖ್ಯರು. ಅವರು ಎರಡು ಏಣಿಗಳನ್ನು ಒಟ್ಟಿಗೆ ಹತ್ತಬೇಕಾಯಿತು. 1994ರಲ್ಲಿ ಹೈದರಾಬಾದಿನ ಬಳಿಯ ಸಂಘಿ ನಗರದಲ್ಲಿ ಫಿಡೆಯ ಪಂದ್ಯ. ಎದುರಾಳಿ 20 ವರ್ಷದ ಗಾಟಾ ಕಾಮ್ಸ್ಕಿ. ಆನಂದ್ ಮುಂದಿದ್ದರು. ಕೊನೆಗೆ 4–4 ಆಯಿತು. ಕ್ಷಿಪ್ರ ಆಟಗಳಲ್ಲಿ ಕಾಮ್ಸ್ಕಿ ಗೆದ್ದರು. ಪತ್ರಿಕೆಯಲ್ಲಿ ಬಂದ ನಡೆಗಳನ್ನು ಕತ್ತರಿಸಿಟ್ಟುಕೊಂಡು ಕೆಂಚಾರ್ಲಹಳ್ಳಿಯ ನಮ್ಮ ಜಗಲಿಯ ಮೇಲೆ ಆಡಿ ನೋಡುತ್ತಿದ್ದ ನನಗೆ ಆ ರಾತ್ರಿ ಊಟ ಸೇರಲಿಲ್ಲ. ಮರುವರ್ಷ ಇನ್ನೊಂದು ಏಣಿಯಲ್ಲಿ ಅದೇ ಕಾಮ್ಸ್ಕಿಯವರನ್ನು ಆನಂದ್ ಸೋಲಿಸಿದರು. ಹೀಗೆ ಕಾಮ್ಸ್ಕಿ ಒಬ್ಬ ಚಾಂಪಿಯನ್ನನಿಗೆ, ಆನಂದ್ ಇನ್ನೊಬ್ಬ ಚಾಂಪಿಯನ್ನನಿಗೆ ಸವಾಲುಗಾರರಾದರು!

1995ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ 107ನೆಯ ಮಹಡಿಯಲ್ಲಿ ಆನಂದ್–ಕ್ಯಾಸ್ಪರೋವ್ ಪಂದ್ಯ. ಮೊದಲ ಎಂಟು ಆಟ ಡ್ರಾ. ಒಂಬತ್ತನೆಯದನ್ನು ಆನಂದ್ ಗೆದ್ದರು. ಆಮೇಲೆ ಕ್ಯಾಸ್ಪರೋವ್ ಮೇಲೆದ್ದು 10½–7½ ರಿಂದ ಪಂದ್ಯ ಗೆದ್ದರು. ಇದು ನೇರವಾದ ಸೋಲು, ದೂರಿಗೆ ಅವಕಾಶವಿಲ್ಲ. 1998ರದು ಹಾಗಲ್ಲ. ಫಿಡೆ ನಾಕೌಟ್ ಪದ್ಧತಿ ತಂದಿತು. 1997ರ ಡಿಸೆಂಬರಿನಲ್ಲಿ ಹಾಲೆಂಡಿನ ಖ್ರೋನಿಂಗನ್‌ನಲ್ಲಿ ಆನಂದ್ ಸುತ್ತಿನ ಮೇಲೆ ಸುತ್ತು ಗೆದ್ದು ಬಂದರು. ಕೆಲವೇ ದಿನಗಳಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅಂತಿಮ ಪಂದ್ಯ. ಅಲ್ಲಿ ಕಾರ್ಪೋವ್ ಒಂದೂ ಸುತ್ತು ಆಡದೆ, ದಣಿವಿಲ್ಲದೆ ಕಾದಿದ್ದರು. 3–3 ಸಮವಾಗಿ, ಕ್ಷಿಪ್ರ ಆಟಗಳಲ್ಲಿ ಆನಂದ್ ಸೋತರು. ಹತ್ತು ಮೈಲಿ ಓಡಿ ಬಂದವನನ್ನು ಆಗ ತಾನೇ ಎದ್ದು ಬಂದವನ ಜೊತೆ ಓಟಕ್ಕೆ ನಿಲ್ಲಿಸಿದಂತೆ. ಆ ಸವಲತ್ತನ್ನು ಮುಂದೆ ಫಿಡೆ ತೆಗೆದುಹಾಕಿತು.

2000ದಲ್ಲಿ ಹೊಸದಿಲ್ಲಿಯಲ್ಲಿ ಆರಂಭವಾಗಿ ಟೆಹರಾನಿನಲ್ಲಿ ಮುಗಿದ ಸ್ಪರ್ಧೆಯಲ್ಲಿ ಆನಂದ್ ಅಲೆಕ್ಸಿ ಶಿರೋವ್‌ರನ್ನು 3½–½ ರಿಂದ ಸೋಲಿಸಿ ಫಿಡೆ ವಿಶ್ವ ಚಾಂಪಿಯನ್ ಆದರು. ಭಾರತಕ್ಕೆ ಇದು ಮೊದಲ ಸಲ. ಅದೇ ವರ್ಷ ಲಂಡನ್ನಿನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಕ್ಯಾಸ್ಪರೋವ್‌ರನ್ನು 8½–6½ ರಿಂದ ಸೋಲಿಸಿದ್ದರು. ಇಲ್ಲೊಂದು ಅನ್ಯಾಯ ಗಮನಿಸಿ. 1998ರಲ್ಲಿ ಕ್ಯಾಸ್ಪರೋವ್‌ರ ಸವಾಲುಗಾರನನ್ನು ಆರಿಸಲು ನಡೆದ ಪಂದ್ಯದಲ್ಲಿ ಗೆದ್ದವರು ಶಿರೋವ್, ಸೋತವರು ಕ್ರಾಮ್ನಿಕ್. ಶಿರೋವ್‌ಗೆ ಪ್ರಾಯೋಜಕರು ಸಿಗಲಿಲ್ಲವೆಂದು ಪಂದ್ಯ ನಡೆಯಲಿಲ್ಲ. ಅವಕಾಶ ಸಿಕ್ಕಿದ್ದು ಸೋತವರಿಗೆ! ಮುಂದೆ ಕ್ಯಾಸ್ಪರೋವ್ ಮರುಪಂದ್ಯ ಕೇಳಿದಾಗ ಅವರಿಗೂ ಸಿಗಲಿಲ್ಲ. ಅವರು 2005ರಲ್ಲಿ ವೃತ್ತಿಪರ ಆಟದಿಂದ ನಿವೃತ್ತರಾದರು.

ಬೀಗ ಹಾಕಿದ ಬಾಗಿಲು

ಒಡಕು ಮುಗಿದದ್ದು 2006ರಲ್ಲಿ, ರಷ್ಯದ ಕಲ್ಮೀಕಿಯ ಪ್ರಾಂತದ ಎಲಿಸ್ಟಾದಲ್ಲಿ. ಒಂದು ಕಡೆ ಕ್ರಾಮ್ನಿಕ್, ಇನ್ನೊಂದು ಕಡೆ ಫಿಡೆ ಚಾಂಪಿಯನ್ ಬಲ್ಗೇರಿಯಾದ ಟೋಪಲೋವ್. ಕ್ರಾಮ್ನಿಕ್ ಆಟದ ನಡುವೆ ಪದೇ ಪದೇ ಶೌಚಾಲಯಕ್ಕೆ ಹೋಗುತ್ತಾರೆಂದು ಟೋಪಲೋವ್ ಕಡೆಯವರು ದೂರಿದರು. ಇಬ್ಬರ ಖಾಸಗಿ ಶೌಚಾಲಯಗಳಿಗೂ ಬೀಗ ಬಿತ್ತು. ಇದನ್ನು ಪ್ರತಿಭಟಿಸಿ ಕ್ರಾಮ್ನಿಕ್ ಐದನೆಯ ಆಟ ಆಡಲಿಲ್ಲ. ಅಂಕ ಎದುರಾಳಿಗೆ ಹೋಯಿತು. ಅವರು ಊರಿಗೆ ಹೊರಟುಬಿಡಬಹುದಿತ್ತು. ಹಾಗೆ ಮಾಡದೆ ಪ್ರತಿಭಟನೆ ದಾಖಲಿಸಿ ಆಟ ಮುಂದುವರಿಸಿದರು. 6–6 ಸಮವಾಗಿ ಕ್ಷಿಪ್ರ ಆಟಗಳಲ್ಲಿ 2½–1½ ರಿಂದ ಗೆದ್ದರು. 13 ವರ್ಷಗಳ ನಂತರ ಜಗತ್ತಿಗೆ ಒಬ್ಬನೇ ಚಾಂಪಿಯನ್.

2007ರಲ್ಲಿ ಮೆಕ್ಸಿಕೊದಲ್ಲಿ ಎಂಟು ಆಟಗಾರರ ಪಂದ್ಯಾವಳಿ ಗೆದ್ದು ಆನಂದ್ ಚಾಂಪಿಯನ್ ಆದರು. ಪಂದ್ಯಾವಳಿಯಲ್ಲಿ ಗೆದ್ದ ಪಟ್ಟ ಎದುರಾಎದುರು ಗೆದ್ದ ಪಟ್ಟಕ್ಕೆ ಸಮವಲ್ಲ ಎಂಬ ಮಾತು ಕೇಳಿಬಂತು. ಆನಂದ್ ವಾದಕ್ಕೆ ಇಳಿಯಲಿಲ್ಲ. 2008ರಲ್ಲಿ ಜರ್ಮನಿಯ ಬಾನ್‌ನಲ್ಲಿ ಕ್ರಾಮ್ನಿಕ್‌ರನ್ನೇ ಎದುರು ಕೂರಿಸಿಕೊಂಡು 6½–4½ ರಿಂದ ಸೋಲಿಸಿದರು. ನಾಕೌಟ್, ಪಂದ್ಯಾವಳಿ, ಇಬ್ಬರ ಪಂದ್ಯ – ಈ ಮೂರೂ ಬಗೆಯಲ್ಲಿ ವಿಶ್ವ ಪಟ್ಟ ಗೆದ್ದವರು ಅವರು. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತಾಗ, ಜರ್ಮನಿಯಿಂದ ಬಲ್ಗೇರಿಯಾದ ಸೋಫಿಯಾಕ್ಕೆ ರಸ್ತೆಯಲ್ಲೇ ಹೋದರು. ಮೂರು ದಿನ ಮುಂದೂಡಿ ಎಂದು ಕೇಳಿದರೆ ಸಿಕ್ಕಿದ್ದು ಒಂದೇ ದಿನ. ಆಡಿದರು; ಟೋಪಲೋವ್‌ರನ್ನು ಅವರ ನೆಲದಲ್ಲೇ ಸೋಲಿಸಿದರು. 2013ರಲ್ಲಿ ತಮ್ಮದೇ ಊರಾದ ಚೆನ್ನೈಯಲ್ಲಿ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್‌ಗೆ ಸೋತಾಗ ಕೈಕುಲುಕಿ ಪಟ್ಟ ಒಪ್ಪಿಸಿದರು.

ಮತ್ತೆ ಅದೇ ಪ್ರಶ್ನೆ

ಪ್ರಶ್ನೆ ಅಲ್ಲಿಗೂ ಮುಗಿಯಲಿಲ್ಲ. 2022ರಲ್ಲಿ ಕಾರ್ಲ್‌ಸನ್ ಇನ್ನು ಪಟ್ಟಕ್ಕಾಗಿ ಆಡುವುದಿಲ್ಲ ಎಂದರು. ಅವರನ್ನು ಯಾರೂ ಸೋಲಿಸಿರಲಿಲ್ಲ, ಯಾರೂ ಇಳಿಸಿರಲಿಲ್ಲ. ತಾವೇ ಎದ್ದು ಹೋದರು. 2023ರಲ್ಲಿ ಚೀನಾದ ಡಿಂಗ್ ಲಿರೆನ್, ನೆಪೊಮ್ನಿಯಾಚಿಯವರನ್ನು ಸೋಲಿಸಿ ಚಾಂಪಿಯನ್ ಆದರು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೆನ್ನೈಯ ಗುಕೇಶ್ 14ನೆಯ ಆಟದಲ್ಲಿ ಡಿಂಗ್‌ರನ್ನು ಮಣಿಸಿ 7½–6½ ರಿಂದ ಗೆದ್ದರು. ವಯಸ್ಸು 18. ಕ್ಯಾಸ್ಪರೋವ್‌ರ ದಾಖಲೆ ಹಿಂದೆ ಬಿತ್ತು.

ಆಗಲೂ ಕೆಲವರು ಕೇಳಿದರು: ಅಗ್ರಶ್ರೇಯಾಂಕದ ಕಾರ್ಲ್‌ಸನ್ ಆಡದಿರುವಾಗ ಇದೆಂಥ ಪಟ್ಟ? ಅಧಿಕಾರವಿಲ್ಲದ ಮಹಾರಾಜ, ಪಟ್ಟವಿಲ್ಲದ ಬಲಶಾಲಿ – ನಮ್ಮ ಮೈಸೂರಿನ ಕಥೆ ಇಲ್ಲಿ ನೆನಪಾಗುತ್ತದಲ್ಲವೆ? ನನ್ನ ಉತ್ತರ ಹೀಗಿದೆ. ಪಟ್ಟ ಎಂಬುದು ಬಲದ ಅಳತೆಗೋಲಲ್ಲ. ಅದಕ್ಕೆ ಶ್ರೇಯಾಂಕದ ಲೆಕ್ಕ ಬೇರೆಯೇ ಇದೆ. ಮೊದಲೇ ತಿಳಿಸಿದ ನಿಯಮದಂತೆ, ಬಂದು ಕೂತ ಎದುರಾಳಿಯನ್ನು ಗೆದ್ದವನಿಗೆ ಪಟ್ಟ. ಗುಕೇಶ್ ಅರ್ಹತಾ ಪಂದ್ಯಾವಳಿ ಗೆದ್ದರು, ಚಾಂಪಿಯನ್ನನನ್ನು ಗೆದ್ದರು. ಬಾರದವನನ್ನು ಸೋಲಿಸಲು ಯಾರಿಂದಲೂ ಆಗದು. ನೀವು ಇದನ್ನು ಒಪ್ಪದಿರಬಹುದು. ತರಗತಿಯಲ್ಲಿ ಎರಡು ಗುಂಪಾಗಿ ವಾದಿಸಿ ನೋಡಿ. 1975ರ ಕಾರ್ಪೋವ್, 1993ರ ಕ್ಯಾಸ್ಪರೋವ್ ಇಬ್ಬರನ್ನೂ ಸಾಕ್ಷಿಗೆ ಕರೆಯಿರಿ.

ಈ ಎಲ್ಲ ಜಗಳಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಕಂಡದ್ದು ಒಂದು ವಿಷಯ. ಕೆಟ್ಟ ನಿಯಮದಿಂದ ಆದ ಹಾನಿಗಿಂತ, ಆಟದ ಮಧ್ಯೆ ಬದಲಾದ ಅಥವಾ ಮೊದಲು ಹೇಳದೆ ಇದ್ದ ನಿಯಮದಿಂದ ಆದ ಹಾನಿ ಹೆಚ್ಚು. 1910, 1985, 1998, 2006 – ಎಲ್ಲ ಕಡೆಯೂ ಸೋತವನ ಮನಸ್ಸಿನಲ್ಲಿ ಒಂದು 'ಆದರೆ' ಉಳಿಯಿತು. ಗೆದ್ದವನಿಗೂ ಅದರ ಮುಳ್ಳು ತಪ್ಪಲಿಲ್ಲ. ನಾಳೆ ನೀವು ಶಾಲೆಯ ಸ್ಪರ್ಧೆ ನಡೆಸುವವರು, ಸಂಘದ ಚುನಾವಣೆ ನಡೆಸುವವರು, ಪರೀಕ್ಷೆ ನಡೆಸುವವರು ಆಗುತ್ತೀರಿ. ಆಗ ಈ ಇಸವಿಗಳು ನೆನಪಾದರೆ ಒಳ್ಳೆಯದು.

ಇನ್ನು ನಮ್ಮೂರಿನ ತಟ್ಟೆಯ ಕಥೆ. ಸ್ಪರ್ಧೆ ನಡೆಸಿದವರು ಯಾರಿಗೂ ಕೊಡಲಾರದೆ ಅದನ್ನು ದೇವಸ್ಥಾನಕ್ಕೆ ಕೊಟ್ಟುಬಿಟ್ಟರು. ಮರುದಿನ ಬೆಳಿಗ್ಗೆ ತಾತ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೇ ಬಂದರು. "ಬಾಪ್ಪಾ, ನಿನ್ನ ಕಾನೂನಲ್ಲಿ ಒಂದಾಟ, ನನ್ನ ಕಾನೂನಲ್ಲಿ ಒಂದಾಟ" ಎಂದರು. ನನ್ನ ಕಾನೂನಿನಲ್ಲಿ ನಾನು ಗೆದ್ದೆ. ಅವರ ಕಾನೂನಿನಲ್ಲಿ ಅವರು. ಮೂರನೆಯದಕ್ಕೆ ಮುಂಚೆ ತಾತ ಸೀಮೆಸುಣ್ಣ ತರಿಸಿ, ಕಾಲಾಳು ಎಷ್ಟು ಮನೆ, ರಾಜ ಹಾರಬಹುದೋ ಬಾರದೋ ಎಂದು ನನ್ನಿಂದಲೇ ಜಗಲಿಯ ಮೇಲೆ ಬರೆಸಿದರು. ನಾಲ್ಕು ಸಾಲು. ಆಮೇಲೆ ಆಡಿದೆವು.

ಆ ಆಟ ನಾನು ಸೋತೆ. ಜಗಳ ಆಗಲಿಲ್ಲ.